ಸಾವಿನ ಮನೆಯ ಮುಂದೆ ಸುಮ್ಮನಾದ ಗಂಟೆಗಳು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಏಳೂವರೆ ಆಗಷ್ಟೇ ದಾಟಿತ್ತು. ದೊಡ್ಡ ರಸ್ತೆಯಿಂದ ಶಾಲೆಯ ಕಡೆಗೆ ಹತ್ತುವ ಓಣಿ ಶುರುವಾಗುವಲ್ಲಿ, ಕೆಂಪು ಅಂಚೆ ಡಬ್ಬಿಗೆ ಬೆನ್ನು ಮಾಡಿ, ಬಲಗೈಯಲ್ಲಿ ಹಳದಿ ಬಾವುಟ ಹಿಡಿದು ನಿಂತಿದ್ದೆ. ಅಲ್ಲಿಂದ ಓಣಿಯ ಮೊದಲ ತಿರುವಿನವರೆಗೆ ಎಲ್ಲವೂ ಕಾಣುತ್ತಿತ್ತು. ಎಡಗಡೆ ಒಂದು ಹಳೆಯ ಮನೆ, ಅದರ ಕಲ್ಲಿನ ಗೋಡೆ, ಗೋಡೆ ಮುಗಿಯುವಲ್ಲಿ ಕಿತ್ತಳೆ ಬಣ್ಣದ ಕಾಕಿ ಹಣ್ಣು ತುಂಬಿದ್ದ ಒಂದು ಮರ. ಮರದ ಆಚೆ ಕಾಡು. ತಿರುವಿನಿಂದ ಮುಂದಕ್ಕೆ ನನಗೆ ಕಾಣುತ್ತಿರಲಿಲ್ಲ. ಕಂಡದ್ದನ್ನೂ ಕಾಣದ್ದನ್ನೂ ಬೇರೆ ಬೇರೆ ಇಟ್ಟು ಬರೆಯಬೇಕೆಂದಿದ್ದೇನೆ. ಇಷ್ಟು ವರ್ಷವಾದ ಮೇಲೆ ಎರಡೂ ಬೆರೆತುಹೋಗಬಹುದೆಂಬ ಭಯ ನನಗಿದೆ.

ಇದೆಲ್ಲ ಮತ್ತೆ ಎದ್ದು ಬಂದದ್ದು ಕಳೆದ ಭಾನುವಾರ. ಇಲ್ಲಿ ಜಪಾನಿನಲ್ಲಿ, ಗ್ಯೋಟೋಕುವಿನ ನಮ್ಮ ಫ್ಲ್ಯಾಟಿನಲ್ಲಿ ಬಟ್ಟೆ ಕಪಾಟಿನ ಮೇಲಿಂದ ಮಗಳ ಹಳೆಯ ಶಾಲಾ ಚೀಲ ಇಳಿಸುತ್ತಿದ್ದೆ. ಇಲ್ಲಿಯ ಮಕ್ಕಳು ಬೆನ್ನಿಗೆ ಹಾಕುವ, ಪೆಟ್ಟಿಗೆಯಂಥ ಗಟ್ಟಿ ಚರ್ಮದ ಚೀಲ ಅದು. ಪಕ್ಕದ ಕೊಂಡಿಯಿಂದ ಒಂದು ಹಿತ್ತಾಳೆಯ ಗಂಟೆ ಕಳಚಿ ನೆಲಕ್ಕೆ ಬಿತ್ತು. ಬಿದ್ದರೂ ಗಂಟೆಯ ಸದ್ದು ಬರಲಿಲ್ಲ, ಮರದ ನೆಲಕ್ಕೆ ಲೋಹ ತಗುಲಿದ ಸದ್ದಷ್ಟೇ.

"ಅಪ್ಪಾ, ಅದು ಲಾಕ್ ಆಗಿದೆ," ಎಂದಳು ಮಗಳು, ಮೊಬೈಲಿನಿಂದ ತಲೆ ಎತ್ತದೆ. ಆಮೇಲೆ ಎತ್ತಿದಳು. "ಪ್ಲೀಸ್, ಥ್ರೋ ಮಾಡ್ಬೇಡಿ."

ಎಸೆಯುವ ಮಾತೇ ಇರಲಿಲ್ಲ. ಅದು ಕರಡಿ ಗಂಟೆ. ಬೆಟ್ಟದ ಊರುಗಳಲ್ಲಿ ಮಕ್ಕಳು ಶಾಲೆಗೆ ನಡೆದುಹೋಗುವಾಗ ಚೀಲಕ್ಕೆ ಕಟ್ಟಿಕೊಳ್ಳುತ್ತಾರೆ. ಮನುಷ್ಯರು ಬರುತ್ತಿದ್ದಾರೆಂದು ಸದ್ದಿನಿಂದ ತಿಳಿದರೆ ಕರಡಿ ತಾನಾಗಿಯೇ ದೂರ ಹೋಗುತ್ತದೆ. ಗಂಟೆಯ ಮೇಲೊಂದು ಚಿಕ್ಕ ಗುಂಡಿ ಇದೆ. ಅದನ್ನು ಒತ್ತಿದರೆ ಒಳಗಿನ ನಾಲಗೆ ಅಂಟಿಕೊಂಡು ಸದ್ದು ನಿಂತುಬಿಡುತ್ತದೆ. ಬಸ್ಸಿನಲ್ಲಿ, ರೈಲಿನಲ್ಲಿ, ಆಸ್ಪತ್ರೆಯಲ್ಲಿ ಬೇರೆಯವರಿಗೆ ತೊಂದರೆಯಾಗಬಾರದಲ್ಲ...

ಅದನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ ಬಾವುಟದ ಅಜ್ಜನ ಮುಖ ಕಣ್ಣಿಗೆ ಬಂತು. ಮೊದಲಿನ ಮುಖವಲ್ಲ, ನಂತರದ್ದು.

ನಾವು ಆ ಊರಿಗೆ ಹೋದದ್ದು ಮಗಳು ಒಂದನೇ ತರಗತಿಗೆ ಸೇರುವ ವರ್ಷ. ಮಿನಾಟೋದಲ್ಲಿದ್ದ ನನ್ನ ಆಫೀಸು ಮನೆಯಿಂದಲೇ ಕೆಲಸ ಮಾಡಲು ಒಪ್ಪಿತ್ತು. ಉತ್ತರದ ಬೆಟ್ಟಗಳ ನಡುವಿನ ಆ ಊರಿನವರು ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳಿಗೆ ಖಾಲಿ ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿಯ ಶಿಕ್ಷಣ ಮಂಡಳಿಯ ಕೆಳಗೆ ಇದ್ದದ್ದು ಮೂರೇ ಶಾಲೆ. ಮೇಲಿನ ಪ್ರಾಥಮಿಕ ಶಾಲೆ, ಕೆಳಗಿನ ಪ್ರಾಥಮಿಕ ಶಾಲೆ, ನದಿಯ ಪಕ್ಕದ ಮಾಧ್ಯಮಿಕ ಶಾಲೆ. ಮೇಲಿನ ಶಾಲೆಯಲ್ಲಿ ಮಕ್ಕಳು ಇಪ್ಪತ್ತು ಕೂಡ ಇರಲಿಲ್ಲ. ಇನ್ನು ನಾಲ್ಕೈದು ಮಕ್ಕಳು ಕಡಿಮೆಯಾದರೆ ಅದನ್ನು ಮುಚ್ಚಿ ಕೆಳಗಿನದಕ್ಕೆ ಸೇರಿಸುತ್ತಾರೆಂದು ಊರಿಗೆಲ್ಲ ಗೊತ್ತಿತ್ತು.

ಹೋದ ಮೊದಲ ದಿನವೇ ಅಜ್ಜ ತೋಳುದ್ದದ ಮೂಲಂಗಿಯೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಮೂಲಂಗಿ ನನ್ನ ಕೈಗಿಟ್ಟು ಒಳಗೆ ಇಣುಕಿದರು.

"ಮಗು ಒಂದೇನಾ?"

"ಒಂದೇ."

"ಸಾಕು. ಈ ವರ್ಷ ಒಂದನೇ ಕ್ಲಾಸಿಗೆ ಇದ್ದದ್ದು ಒಬ್ಬನೇ ಹುಡುಗ. ಪಾಪ, ಅವನು ಫಸ್ಟೂ ಅವನೇ, ಲಾಸ್ಟೂ ಅವನೇ ಆಗ್ತಿದ್ದ. ಇನ್ಮೇಲೆ ಓದ್ಲೇಬೇಕು."

ಅಲ್ಲಿಯ ಮಕ್ಕಳು ಸಾಲಾಗಿ ಒಟ್ಟಿಗೆ ನಡೆದೇ ಶಾಲೆಗೆ ಹೋಗಬೇಕು. ನಮ್ಮ ಕೇರಿಯ ಸಾಲಿನಲ್ಲಿ ಐದು ಮಕ್ಕಳಿದ್ದರು. ಎಲ್ಲರಿಗಿಂತ ಮುಂದೆ ಆರನೇ ತರಗತಿಯ ಮಿಸಾಕಿ. ಸಾಲಿನಲ್ಲಿ ದೊಡ್ಡವರು ಯಾರಿದ್ದಾರೋ ಅವರೇ ನಾಯಕರು, ಮಿಕ್ಕವರ ಹೊಣೆಯೂ ಅವರದೇ. ಮಿಸಾಕಿಯ ಹಿಂದೆ ಒಂದನೇ ತರಗತಿಯ ಇಬ್ಬರು, ಮೊದಲು ಸೋತ ಎಂಬ ಹುಡುಗ, ಆಮೇಲೆ ನನ್ನ ಮಗಳು. ಅವರ ಹಿಂದೆ ರೆನ್ ಮತ್ತು ಯೂತೊ, ಅಣ್ಣತಮ್ಮಂದಿರು. ಎಲ್ಲರಿಗಿಂತ ಹಿಂದೆ ಬಾವುಟ ಹಿಡಿದ ಅಜ್ಜ. ತಂದೆತಾಯಂದಿರು ಸರದಿಯ ಮೇಲೆ ರಸ್ತೆ ದಾಟುವ ಜಾಗದಲ್ಲಿ ಬಾವುಟ ಹಿಡಿದು ನಿಲ್ಲಬೇಕಿತ್ತು. ಅಜ್ಜನಿಗೆ ಸರದಿಯಿಲ್ಲ, ಪ್ರತಿದಿನ ಬರುತ್ತಿದ್ದರು. ಯಾರೂ ಅವರನ್ನು ನೇಮಿಸಿರಲಿಲ್ಲ.

ನನ್ನನ್ನು ಅವರು ಇಂಡೊ-ಸಾನ್, ಅಂದರೆ ಇಂಡಿಯಾದವರೇ, ಎಂದು ಕರೆಯುತ್ತಿದ್ದರು. ಹೆಸರು ಹೇಳಿಕೊಟ್ಟಿದ್ದೆ, ಉಪಯೋಗವಾಗಲಿಲ್ಲ.

"ಇಂಡೊ-ಸಾನ್, ಬಾವುಟ ಹಿಂಗಾ ಹಿಡಿಯೋದು? ಮೀನು ಹಿಡಿಯೋಕೆ ಗಾಳ ಹಾಕ್ದಂಗಿದೆ. ಲಾರಿ ನಿಲ್ಲಿಸ್ಬೇಕು, ಟ್ರೌಟ್ ಅಲ್ಲ."

ಒಮ್ಮೆ, "ನಿಮ್ಮೂರಲ್ಲಿ ಕರಡಿ ಇದ್ಯಾ?" ಎಂದು ಕೇಳಿದರು. ಮೈಸೂರಿನ ಮೃಗಾಲಯದಲ್ಲಿ ನೋಡಿದ್ದೇನೆ ಎಂದೆ. ಅದಕ್ಕೆ ಅವರು ಬಹಳ ಹೊತ್ತು ನಕ್ಕರು.

ಆ ಶರತ್ಕಾಲ ಕಾಡಿನಲ್ಲಿ ಕರಡಿಗಳಿಗೆ ಕಾಯಿ ಸಿಕ್ಕಿರಲಿಲ್ಲ. ಊರಿನ ಸುತ್ತ ಹೆಜ್ಜೆ ಕಾಣತೊಡಗಿದ್ದವು. ಧ್ವನಿವರ್ಧಕದಲ್ಲಿ ಸಂಜೆ ಹೊತ್ತು ಎಚ್ಚರಿಕೆ ಬರುತ್ತಿತ್ತು. ಮನೆಯಂಗಳದ ಕಾಕಿ ಹಣ್ಣನ್ನೆಲ್ಲ ಕಿತ್ತುಬಿಡಿ, ಒಂದೂ ಬಿಡಬೇಡಿ ಎಂದು ಎಲ್ಲರಿಗೂ ಹೇಳಿದ್ದರು. ಎಲ್ಲರೂ ಕಿತ್ತರು. ಓಣಿಯ ಆ ಹಳೆಯ ಮನೆಯ ಮರ ಮಾತ್ರ ಹಾಗೆಯೇ ಇತ್ತು. ಆ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಸೆಂದೈನಿಂದ ಮಗ ಬಂದಿದ್ದ.

"ಮಗನಿಗೆ ಒಂದು ಮಾತು ಹೇಳ್ಬಹುದಲ್ಲ?" ಎಂದೆ ಅಜ್ಜನಿಗೆ.

ಅವರು ಮರದ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಆ ಮನೇಲಿ ಆಯಮ್ಮ ಉಸಿರು ಎಣಿಸ್ತಾ ಇದ್ದಾಳೆ. ನಾನು ಬಾಗಿಲು ತಟ್ಟಿ, ನಿಮ್ಮ ಹಣ್ಣು ಕೀಳ್ಬೇಕು ಅನ್ಲಾ?"

ನನಗೂ ಬಾಗಿಲು ತಟ್ಟಲಾಗಲಿಲ್ಲ. ಊರಿನಲ್ಲಿ ಯಾರಿಗೂ ಆಗಲಿಲ್ಲ.

ಅಜ್ಜಿ ತೀರಿಕೊಂಡ ಮರುದಿನದ ಬೆಳಿಗ್ಗೆಯೇ ನಾನು ಹೇಳಹೊರಟ ಬೆಳಿಗ್ಗೆ. ಹಿಂದಿನ ರಾತ್ರಿ ಹೆಂಡತಿ, "ರೀ, ನಾಳೆ ಫ್ಲ್ಯಾಗ್ ಡ್ಯೂಟಿ ನಿಮ್ದೇ, ಗ್ಲೌಸ್ ಹಾಕ್ಕೊಂಡ್ ಹೋಗಿ" ಎಂದಿದ್ದಳು. ನಾನು ಕೈಗವಸು ಮರೆತು ಹೋಗಿದ್ದೆ. ಬಾವುಟದ ಕೋಲು ಎಷ್ಟು ತಣ್ಣಗಿತ್ತೆಂಬುದು ಅದಕ್ಕೇ ನೆನಪಿದೆ.

ಮಕ್ಕಳ ಸಾಲು ದೊಡ್ಡ ರಸ್ತೆ ದಾಟಿತು. ಮನೆಯಲ್ಲಿ ಅಪ್ಪ ಅನ್ನುವ ನನ್ನ ಮಗಳು ಬಾವುಟದ ಮುಂದೆ ಎಲ್ಲರ ಹಾಗೆ ನನಗೆ ಬಗ್ಗಿ ನಮಸ್ಕರಿಸಿ ಹೋದಳು. ಕೊನೆಗೆ ಅಜ್ಜ. "ಕೈ ನಡುಗ್ತಾ ಇದೆ, ಕರಡಿ ನೋಡಿದ್ರಾ?" ಎಂದರು. ಚಳಿ ಎಂದೆ. ನಾವಿಬ್ಬರೂ ನಕ್ಕೆವು.

ಸಾಲು ಓಣಿ ಹತ್ತಿತು. ಐದು ಗಂಟೆಗಳೂ ಗಲಗಲ ಅನ್ನುತ್ತಿದ್ದವು. ಆ ಮನೆಯ ಬಾಗಿಲಿಗೆ ಕಪ್ಪುಬಿಳುಪು ಪಟ್ಟೆಯ ಪರದೆ ಕಟ್ಟಿದ್ದರು, ಸಾವಿನ ಮನೆಯ ಗುರುತು. ಗೋಡೆ ಶುರುವಾಗುವಲ್ಲಿ ಮಿಸಾಕಿ ನಿಂತಳು. ತಿರುಗಿ ನೋಡದೆ ಎಡಗೈಯನ್ನು ತಲೆಯ ಮೇಲೆ ಎತ್ತಿದಳು. ಬಲಗೈಯನ್ನು ಹಿಂದಕ್ಕೆ ಚಾಚಿ ತನ್ನ ಚೀಲದ ಗಂಟೆಯ ಗುಂಡಿ ಒತ್ತಿದಳು. ಹಿಂದಿನವರು ಒಬ್ಬೊಬ್ಬರಾಗಿ ಒತ್ತಿದರು. ನನ್ನ ಮಗಳಿಗೆ ಕೈ ಎಟುಕಲಿಲ್ಲ, ಸೋತ ಒತ್ತಿಕೊಟ್ಟ. ಯಾರೂ ಒಂದು ಮಾತೂ ಆಡಲಿಲ್ಲ. ಇದನ್ನು ನಾನು ಕಂಡೆ. ಕಂಡು, ಎಂಥ ಒಳ್ಳೆಯ ಮಕ್ಕಳು ಎಂದುಕೊಂಡೆ.

ತಲೆ ತಗ್ಗಿಸಿಕೊಂಡು ಗೋಡೆಯುದ್ದಕ್ಕೂ ನಡೆದರು. ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವರ ಬೂಟಿನ ಕೆಳಗೆ ಇಬ್ಬನಿಗಟ್ಟಿದ ಎಲೆ ಮುರಿಯುವುದು ನನಗೆ ಕೇಳುತ್ತಿತ್ತು.

ಗೋಡೆ ಮುಗಿಯುವಲ್ಲಿ, ಮರದಿಂದ ಏನೋ ಭಾರವಾದದ್ದು ಧೊಪ್ಪನೆ ಬಿತ್ತು. ಹಿಮ ಬಿದ್ದಿರಬೇಕು ಅನ್ನಿಸಿತು. ಹಿಮ ಇನ್ನೂ ಶುರುವಾಗಿರಲಿಲ್ಲ. ಅದು ಎದ್ದು ನಿಂತಿತು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಕಪ್ಪು, ಎದೆಯ ಮೇಲೆ ಬಿಳಿ ಗೆರೆ. ಮಿಸಾಕಿಗೂ ಅದಕ್ಕೂ ನಡುವೆ ಒಂದು ಕಾರು ನಿಲ್ಲಿಸುವಷ್ಟು ಜಾಗವಿತ್ತು.

ಅಜ್ಜ ಓಡಲಿಲ್ಲ. ಸಾಲಿನ ಹೊರಬದಿಯಿಂದ ಬೇಗಬೇಗ ನಡೆದು ಮುಂದೆ ಬಂದರು. ಬರುತ್ತಾ ಪ್ರತಿ ಮಗುವಿನ ಹಳದಿ ಟೋಪಿಯ ಮೇಲೂ ಕೈಯಿಟ್ಟು ಕೆಳಕ್ಕೆ ಒತ್ತಿದರು. ಕೂಗಲಿಲ್ಲ. ಅವರು ಹೇಳಿದ್ದು ಒಂದೇ ಮಾತು, "ದಾಂಗೊಮುಶಿ." ಮುಟ್ಟಿದರೆ ದುಂಡಗೆ ಸುರುಳಿಯಾಗುವ ಒಂದು ಸಣ್ಣ ಹುಳುವಿನ ಹೆಸರದು. ಭೂಕಂಪದ ತಾಲೀಮಿನಲ್ಲಿ ಅಲ್ಲಿಯ ಮಕ್ಕಳು ಹೀಗೇ ಮುದುಡಿಕೊಳ್ಳಲು ಕಲಿತಿರುತ್ತಾರೆ. ಐವರೂ ಗೋಡೆಯ ಬುಡದಲ್ಲಿ ಮೊಣಕಾಲೂರಿ, ತಲೆಯನ್ನು ಒಳಗೆ ಸೇರಿಸಿ ಮುದುಡಿದರು. ಮೇಲೆ ಕಾಣುತ್ತಿದ್ದದ್ದು ಐದು ಗಟ್ಟಿ ಚೀಲಗಳು ಮಾತ್ರ. ಮೂರನೆಯದು, ತಿಳಿನೀಲಿ, ನನ್ನ ಮಗಳದು.

ನಾನು ಓಣಿ ಹತ್ತತೊಡಗಿದ್ದೆ. ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ ಎಂದು ಊರಿಗೆ ಬಂದಾಗಿನಿಂದ ಕೇಳಿದ್ದೆ. ಕಾಲಿಗೆ ಅದನ್ನು ಹೇಳುವುದು ಕಷ್ಟ. ಮಗಳ ಹೆಸರು ಕೂಗಿದರೆ ಅವಳು ತಲೆ ಎತ್ತುತ್ತಾಳೆಂದು ಬಾಯಿ ಮುಚ್ಚಿಕೊಂಡೆ.

ಅಜ್ಜ ಮಕ್ಕಳಿಗೂ ಕರಡಿಗೂ ನಡುವೆ ನಿಂತು ಬಾವುಟ ಬಿಡಿಸಿದರು. ಲಾರಿ ನಿಲ್ಲಿಸುವಾಗ ಹಿಡಿಯುವ ಹಾಗೆಯೇ, ಅಡ್ಡಕ್ಕೆ. ಹೊಡೆತವನ್ನು ನಾನು ಕಾಣಲಿಲ್ಲ. ಬಾವುಟದ ಬಟ್ಟೆ ಅಡ್ಡ ಬಂತು. ಬಟ್ಟೆ ಕೆಳಗಿಳಿದಾಗ ಅಜ್ಜ ಕುಳಿತಿದ್ದರು. ಕರಡಿ ಮರದ ಆಚೆ ಕಾಡಿಗೆ ಇಳಿಯುತ್ತಿತ್ತು, ಅದರ ಬೆನ್ನು ಮಾತ್ರ ಕಂಡಿತು.

ಆಮೇಲೆ ಕ್ಲಿಕ್ ಎಂದು ಒಂದು ಸಣ್ಣ ಸದ್ದು. ಮಿಸಾಕಿ ಮುದುಡಿಕೊಂಡೇ ಕೈ ಹಿಂದಕ್ಕೆ ಚಾಚಿ ಗಂಟೆಯ ಗುಂಡಿ ತೆಗೆದಿದ್ದಳು. ಅವಳ ಮೈ ನಡುಗುತ್ತಿದ್ದುದರಿಂದ ಗಂಟೆ ಬಡಿದುಕೊಳ್ಳುತ್ತಲೇ ಇತ್ತು... ನಾನು ಹತ್ತಿರ ಹೋಗುವವರೆಗೂ, ಹೋದ ಮೇಲೂ.

ಅಜ್ಜನ ಮುಖದ ಬಲಭಾಗವನ್ನು ನಾನು ವಿವರಿಸುವುದಿಲ್ಲ. ನನ್ನ ಮಫ್ಲರನ್ನು ಒತ್ತಿ ಹಿಡಿದೆ. ಅವರು ಎಡಗಣ್ಣಿನಿಂದ ಹುಡುಕಿದರು. "ಎಷ್ಟು ಜನ?" ಎಂದರು. ಐವರೂ ಇದ್ದಾರೆ ಎಂದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಮಕ್ಕಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೂ ಮಿಸಾಕಿ ಮಾತು ನಿಲ್ಲಿಸಿದಳು. ಊಟಕ್ಕೆ ಕುಳಿತರೆ ಬಟ್ಟಲು ಹಾಗೇ ಇರುತ್ತದೆ ಎಂದು ಅವಳ ತಾಯಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳಂತೆ. ಅಷ್ಟರಲ್ಲಿ ಊರಿನಲ್ಲಿ ಒಂದು ಪ್ರಶ್ನೆ ಓಡಾಡತೊಡಗಿತ್ತು. ಗಂಟೆಗಳಿದ್ದರೂ ಕರಡಿ ಯಾಕೆ ಸರಿದುಹೋಗಲಿಲ್ಲ? ಸೋತನ ತಂದೆ ಮಗನನ್ನು ಕೇಳಿದ್ದ. ನಿಲ್ಲಿಸಿದ್ದೆವು ಎಂದು ಸೋತ ಹೇಳಿದ್ದ. ಯಾರು ನಿಲ್ಲಿಸಲು ಹೇಳಿದ್ದು ಎಂಬುದು ಮುಂದಿನ ಪ್ರಶ್ನೆಯಾಯಿತು. ಶಾಲೆಯ ಜಿಮ್ನಾಸಿಯಂನಲ್ಲಿ ಸಭೆ ಕರೆದರು. ಅಜ್ಜನನ್ನು ಬಿಟ್ಟರೆ ದೊಡ್ಡವರಲ್ಲಿ ಕಣ್ಣಾರೆ ಕಂಡವನು ನಾನೊಬ್ಬನೇ, ನಾನು ಮಾತನಾಡಬೇಕಿತ್ತು.

ಸಭೆಯ ಹಿಂದಿನ ದಿನ ಆಸ್ಪತ್ರೆಗೆ ಹೋದೆ. ಅಜ್ಜನ ತಲೆಯೆಲ್ಲ ಬಿಳಿ ಬಟ್ಟೆ, ಎಡಗಣ್ಣು ಮತ್ತು ಬಾಯಿ ಮಾತ್ರ ಹೊರಗೆ. ಬಲಗಣ್ಣು ಹೋಗಿತ್ತು.

"ಇಂಡೊ-ಸಾನ್, ನಾಳೆ ಕೇಳ್ತಾರೆ. ಗಂಟೆ ನಿಲ್ಸಿ ಅಂದದ್ದು ನಾನು ಅಂತ ಹೇಳಿ."

"ನೀವು ಹೇಳ್ಲಿಲ್ವಲ್ಲ. ನೀವು ಹಿಂದೆ ಇದ್ರಿ."

"ಹೇಳಿದ್ನೋ ಇಲ್ವೋ ಬಿಡಿ. ಹೇಳಿದ್ದು ನಾನೇ ಅಂತ ಹೇಳಿ." ಉಸಿರು ತೆಗೆದುಕೊಂಡರು. "ನನಗೆ ಒಂದು ಕಣ್ಣು ಸಾಕು. ಎಪ್ಪತ್ತೆಂಟು ವರ್ಷ ನೋಡಿದ್ದಾಯ್ತು. ಆ ಹುಡುಗಿ ಇನ್ನೂ ಎಷ್ಟು ವರ್ಷ ಇದನ್ನ ಹೊತ್ಕೊಂಡು ಓಡಾಡ್ಬೇಕು, ಲೆಕ್ಕ ಹಾಕಿ."

ನಾನು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದೆ. ಹೊರಡುವಾಗ ಅವರು ಬೇರೆ ಮಾತು ತೆಗೆದರು. "ಇನ್ನೊಂದು. ನಾನು ಸತ್ತಾಗ ನನ್ನ ಮನೆ ಮುಂದೆ ಯಾವನಾದ್ರೂ ಗಂಟೆ ನಿಲ್ಲಿಸಿದ್ರೆ ಎದ್ದು ಬಂದು ಬೈತೀನಿ."

ಜಿಮ್ನಾಸಿಯಂನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಸೀಮೆಎಣ್ಣೆ ಒಲೆಯ ವಾಸನೆ. ಮಿಸಾಕಿ ಮೊದಲ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದಳು. ಮನೆಯಲ್ಲಿರು ಎಂದರೂ ಕೇಳದೆ ಬಂದಿದ್ದಳಂತೆ. ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು. ಮಂಡಳಿಯ ಅಧಿಕಾರಿ ಮೃದುವಾಗಿಯೇ ಮಾತನಾಡಿದ. ಯಾರನ್ನೂ ದೂರುವ ಉದ್ದೇಶವಿಲ್ಲ, ಮುಂದೆ ಹೀಗಾಗಬಾರದು, ಅದಕ್ಕಾಗಿ ನಡೆದದ್ದು ತಿಳಿಯಬೇಕು ಎಂದ. ನನ್ನ ಕಡೆ ತಿರುಗಿದ.

"ಸುಮಿಮಾಸೆನ್, ತೊಂದರೆ ಕೊಡ್ತಾ ಇದ್ದೀವಿ. ಗಂಟೆ ನಿಲ್ಲಿಸೋಕೆ ಹೇಳಿದ್ದು ಯಾರು ಅಂತ ನಿಮಗೆ ಕಾಣಿಸ್ತಾ?"

ಎದ್ದು ನಿಂತೆ. ಮಿಸಾಕಿ ನನ್ನನ್ನೇ ನೋಡುತ್ತಿದ್ದಳು. ನನಗೆ ಕಂಡಿತ್ತೆಂದು ಅವಳಿಗೆ ಗೊತ್ತಿತ್ತು. ಅವಳ ಎಡಗೈ ತೊಡೆಯ ಕೆಳಗಿನಿಂದ ಹೊರಗೆ ಬಂತು. ಈಗ ಎತ್ತುತ್ತಾಳೆ, ಅಂದು ಎತ್ತಿದ ಹಾಗೆಯೇ ಎತ್ತುತ್ತಾಳೆ ಎಂದು ನನಗೆ ಖಚಿತವಾಯಿತು. ಅವಳಿಗಿಂತ ಮೊದಲು ನಾನು ಬಾಯಿ ತೆರೆಯಬೇಕಿತ್ತು. ತೆರೆದೆ. ಬಾಯಲ್ಲಿ ಜಪಾನಿ ಇರಲಿಲ್ಲ, ಕನ್ನಡವೂ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿದ ಸದ್ದಾಯಿತು. ಸತ್ತ ಅಜ್ಜಿಯ ಮಗ ಎದ್ದಿದ್ದ. ಅವನು ಬಂದಿದ್ದಾನೆಂದೇ ನಾವು ಯಾರೂ ಗಮನಿಸಿರಲಿಲ್ಲ. ಸೂತಕದವನು ಸಭೆಗೆ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ.

"ನಾನು ಒಳಗೆ ಅಮ್ಮನ ಪಕ್ಕ ಕೂತಿದ್ದೆ," ಎಂದ. "ಗಂಟೆ ಸದ್ದು ಹತ್ತಿರ ಬಂತು. ನಮ್ಮ ಗೋಡೆ ಹತ್ರ ನಿಂತೋಯ್ತು. ಮಕ್ಕಳು ನಿಲ್ಲಿಸಿದ್ರು ಅಂತ ಗೊತ್ತಾಯ್ತು. ಅಮ್ಮನಿಗೋಸ್ಕರ ನಿಲ್ಲಿಸಿದ್ರು. ಕಿಟಕಿ ಕಡೆ ತಿರುಗಿ ತಲೆ ಬಗ್ಗಿಸ್ದೆ. ಅಷ್ಟು ದಿನದಲ್ಲಿ ಆಗ್ಲೇ ನನಗೆ ಮೊದ್ಲು ಅಳು ಬಂದದ್ದು."

ಅಧಿಕಾರಿ ಏನೋ ಹೇಳಲು ಹೋದ. ಇವನು ನಿಲ್ಲಿಸಲಿಲ್ಲ.

"ಮರ ನಮ್ದು. ಹಣ್ಣು ಕೀಳ್ದೆ ಬಿಟ್ಟೋನು ನಾನು. ಕೀಳಿ ಅಂತ ನನಗೆ ಯಾರೂ ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತ ಈ ರೂಮಲ್ಲಿರೋ ಎಲ್ರಿಗೂ ಗೊತ್ತು. ಅದೇ ಕಾರಣಕ್ಕೆ ಮಕ್ಕಳೂ ಗಂಟೆ ನಿಲ್ಸಿದ್ರು. ಯಾರು ಹೇಳಿದ್ದು ಅಂತ ಯಾಕೆ ಕೇಳ್ತೀರಿ? ನಾವೇ ಕಲ್ಸಿದ್ದು." ಅವನು ಮೊದಲ ಸಾಲಿನ ಕಡೆ ತಿರುಗಿ ಸೊಂಟದವರೆಗೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. "ಅರಿಗಾತೋ," ಎಂದು ಧನ್ಯವಾದ ಹೇಳಿದ, ಒಂದು ಮಗುವಿಗೆ.

ಮಿಸಾಕಿಯ ಕೈ ಅರ್ಧಕ್ಕೆ ನಿಂತಿತ್ತು. ಅವಳ ತಾಯಿ ಆ ಕೈಯನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಆ ಹುಡುಗಿ ಅತ್ತಳು. ಹಾಗೆ ಜೋರಾಗಿ ಅಳುವ ಮಗುವನ್ನು ಅಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವನು ಏಳದಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಮಗಳು ಈಗಲೂ ಕೇಳುತ್ತಾಳೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು.

ಆ ಭಾನುವಾರ ಊರಿನ ಗಂಡಸರೆಲ್ಲ ಸೇರಿ ಮರದ ಹಣ್ಣು ಕಿತ್ತರು. ಬೋನಿಗೆ ಒಂದು ಕರಡಿ ಬಿದ್ದಾಗ, ಇದೇನಾ ಎಂದು ಅಜ್ಜನನ್ನು ಕೇಳಿದರು. "ನಾನು ಮಕ್ಕಳನ್ನ ನೋಡ್ತಿದ್ದೆ, ಅದರ ಮುಖ ನೋಡ್ಲಿಲ್ಲ" ಎಂದರಂತೆ. ವಸಂತಕ್ಕೆ ಅವರು ಮತ್ತೆ ಬಾವುಟ ಹಿಡಿದು ಬಂದರು. ತಾನು ಸತ್ತಾಗ ಗಂಟೆ ನಿಲ್ಲಿಸಿದರೆ ಎದ್ದು ಬಂದು ಬೈಯುತ್ತೇನೆಂದು ಮಕ್ಕಳಿಗೂ ಹೇಳಿಟ್ಟರು. ಬಲಗಡೆ ಕಾಣದಿದ್ದರಿಂದ ಸಾಲಿನ ಬಲಬದಿಯಲ್ಲಿ ನಡೆಯುತ್ತಿದ್ದರು, ಮಕ್ಕಳೆಲ್ಲ ಎಡಗಣ್ಣಿಗೆ ಸಿಗಲಿ ಎಂದು. ಎರಡು ವರ್ಷ ಕಳೆದ ಮೇಲೆ ಶಾಲೆಯನ್ನು ಮುಚ್ಚಿದರು. ಮಕ್ಕಳಿಗೆ ಬಸ್ಸು ಬಂತು. ಅಷ್ಟರಲ್ಲಿ ಆಫೀಸು ವಾಪಸು ಕರೆದು ನಾವು ಗ್ಯೋಟೋಕುವಿಗೆ ಬಂದಿದ್ದೆವು. ಅವರು ಬಸ್ಸಿಗೂ ಬಾವುಟ ಬೀಸುತ್ತಿದ್ದಾರೆಂದು ರೆನ್‌ನ ತಾಯಿ ಫೋಟೋ ಕಳಿಸಿದ್ದಳು. ಆ ಫೋಟೋದಲ್ಲಿ ಅವರು ಬಹಳ ಚಿಕ್ಕದಾಗಿ ಕಾಣುತ್ತಾರೆ...

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲಿ. ನಾವು ಮೂವರೂ ಹೋದೆವು. ಮಗಳು ಯಾರಿಗೂ ಹೇಳದೆ ಗಂಟೆಯನ್ನು ಕೋಟಿನ ಜೇಬಿನಲ್ಲಿ ತಂದಿದ್ದಳು. ಅಜ್ಜನ ಬಾಗಿಲಿಗೆ ಅದೇ ಪಟ್ಟೆ ಪರದೆ. ಓಣಿಯ ಕೆಳಗೆ, ಅಂಚೆ ಡಬ್ಬಿಯ ಹತ್ತಿರ, ಉಳಿದ ನಾಲ್ವರೂ ತಮ್ಮ ತಮ್ಮ ಗಂಟೆ ತಂದು ನಿಂತಿದ್ದರು. ಯಾರೂ ಏರ್ಪಾಡು ಮಾಡಿರಲಿಲ್ಲ ಎಂದರು. ನಂಬುವುದು ಕಷ್ಟ, ಆದರೂ ನಂಬುತ್ತೇನೆ. ಮಿಸಾಕಿ ಮುಂದೆ ನಿಂತಳು. ಅವಳಿಗಿಂತ ಎತ್ತರ ಬೆಳೆದಿದ್ದ ಸೋತ ಅವಳ ಹಿಂದೆ. ಸಾಲಾಗಿ ನಡೆದರು. ಪರದೆಯ ಮುಂದೆ ಬಂದಾಗ ಯಾರ ಕೈಯೂ ಗಂಟೆಯ ಗುಂಡಿಗೆ ಹೋಗಲಿಲ್ಲ. ಐದೂ ಗಂಟೆಗಳು ಬಾಗಿಲು ದಾಟುವವರೆಗೂ ಬಡಿದವು. ಕರಿಬಟ್ಟೆ ಉಟ್ಟ ನೆಂಟರು ತಿರುಗಿ ನೋಡಿದರು. ನಾನೂ ಬಾಗಿಲಿನ ಕಡೆ ನೋಡಿದೆ. ಎದ್ದು ಬಂದು ಬೈಯಲು ಯಾರೂ ಬರಲಿಲ್ಲ.

ವಾಪಸು ಬರುವಾಗ, ರೈಲು ಹತ್ತುವ ಮೊದಲು, ಮಗಳು ಗಂಟೆಯ ಗುಂಡಿ ಒತ್ತಿದಳು, ಮನೆಗೆ ಬಂದು ಹಾಗೆಯೇ ಹಳೆಯ ಚೀಲಕ್ಕೆ ಸಿಕ್ಕಿಸಿದಳು. ಭಾನುವಾರ ನೆಲಕ್ಕೆ ಬಿದ್ದಾಗ ಸದ್ದಾಗದಿದ್ದದ್ದು ಅದಕ್ಕೇ.

ಆ ಚಳಿಯಲ್ಲಿ ಸ್ಟೇಷನ್ನಿನವರೆಗೆ ಬಿಡಲು ಬಂದಿದ್ದ ಮಿಸಾಕಿ ನನಗೆ ಹೇಳಿದಳು: "ಓಜಿಸಾನ್, ನೀವು ನೋಡಿದ್ದನ್ನ ಬರೀರಿ. ನನ್ನ ಕೈ ಎತ್ತಿದ್ದನ್ನೂ ಸೇರಿಸಿ ಬರೀರಿ." ಅದಕ್ಕೇ ಬರೆದಿದ್ದೇನೆ.

ನನ್ನ ಜೊತೆ ಇದನ್ನು ಕಂಡವರು ಇವರು. ಮಿಸಾಕಿ, ಈಗ ಒಸಾಕಾದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ರೆನ್ ಮತ್ತು ಯೂತೊ, ಅದೇ ಊರಿನಲ್ಲಿದ್ದಾರೆ. ಸೋತ, ಕೆಳಗಿನ ಊರಿನಿಂದ ರೈಲಿನಲ್ಲಿ ಶಾಲೆಗೆ ಹೋಗುತ್ತಾನೆ. ನನ್ನ ಮಗಳು, ಪಕ್ಕದ ಕೋಣೆಯಲ್ಲಿದ್ದಾಳೆ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿದೆ. ಐವರೂ ಬದುಕಿದ್ದಾರೆ.